ಗಂಗಕ್ಕನ ಸೊಂಟದಿಂದ ಕಲ್ಲೇಶನ ಬೆನ್ನಿಗೆ

ನಾನು ಒಂದು ಬಿಳಿ ರಕ್ತಕಣ. ಬಿಳಿ ಎಂದು ಹೆಸರಿಟ್ಟವರು ನನ್ನನ್ನು ಸರಿಯಾಗಿ ನೋಡಿರಲಾರರು, ನನಗೆ ಬಣ್ಣವೇ ಇಲ್ಲ. ಬಣ್ಣ, ಹೆಸರು, ಹೊಗಳಿಕೆ ಎಲ್ಲ ಕೆಂಪು ಕಣಗಳ ಪಾಲು. ಯಾರಾದರೂ ಬಿದ್ದು ಮೊಣಕಾಲು ತರಚಿಕೊಂಡರೆ ಸುತ್ತಲಿನವರು "ಅಯ್ಯೋ, ರಕ್ತ!" ಎನ್ನುತ್ತಾರೆ. ಅಲ್ಲಿ ಮೆರೆಯುವವರು ಕೆಂಪಿನವರು. ಗಾಯ ಕೀವುಗಟ್ಟಿದಾಗ ಮಾತ್ರ ನಮ್ಮ ಸುದ್ದಿ ಬರುತ್ತದೆ, ಅದೂ ಮುಖ ಸಿಂಡರಿಸಿಕೊಂಡು. ಆ ಕೀವಿನಲ್ಲಿರುವುದು ನಮ್ಮವರ ಹೆಣ ಎಂದು ಯಾರೂ ಕೇಳಲು ಹೋಗುವುದಿಲ್ಲ. ಇರಲಿ, ಈಗ ಆ ಜಗಳ ತೆಗೆದು ಪ್ರಯೋಜನವಿಲ್ಲ. ನನಗೆ ಉಳಿದಿರುವ ಹೊತ್ತು ಕಡಿಮೆ. ನಾನು ಹೇಳಬೇಕಾಗಿರುವುದು ಒಬ್ಬ ಅಕ್ಕ ಮತ್ತು ಒಬ್ಬ ತಮ್ಮನ ವಿಷಯ.

ನಾನು ಹುಟ್ಟಿದ್ದು ತಿಪಟೂರಿನ ಸಿದ್ದಗಂಗಮ್ಮನ ಸೊಂಟದ ಮೂಳೆಯೊಳಗೆ. ಆಗ ಅವಳು ಇನ್ನೂ ಲಂಗ ಹಾಕುವ ಹುಡುಗಿ, ಎಲ್ಲರ ಬಾಯಲ್ಲೂ ಬರೀ ಗಂಗ. ಅವರವ್ವ ಬೆಳಿಗ್ಗೆ ಎದ್ದು ಪೇಟೆಯ ಮಂಡಿಗೆ ಕೊಬ್ಬರಿ ಆರಿಸಲು ಹೋಗುತ್ತಿದ್ದಳು. ಮನೆಯಲ್ಲಿದ್ದ ಕೂಸು ತಮ್ಮ ಕಲ್ಲೇಶನನ್ನು ನೋಡಿಕೊಳ್ಳುವ ಕೆಲಸ ಗಂಗಳದು. ಅವಳು ಅವನನ್ನು ಸೊಂಟದ ಮೇಲಿಂದ ಇಳಿಸುತ್ತಲೇ ಇರಲಿಲ್ಲ. ನೀರಿಗೆ ಹೋದರೂ ಅವನು ಸೊಂಟದ ಮೇಲೆ, ಕುಂಟೆಬಿಲ್ಲೆ ಆಡಿದರೂ ಸೊಂಟದ ಮೇಲೆ. ನಾನು ಹುಟ್ಟಿದ ಮೂಳೆಯ ಮೇಲೆಯೇ ಅವನು ಕೂತಿರುತ್ತಿದ್ದ. ಅವನು ಕೇಕೆ ಹಾಕಿ ಕುಣಿದಾಗ ನಾವು ಒಳಗಿದ್ದವರೆಲ್ಲ ಅಲ್ಲಾಡುತ್ತಿದ್ದೆವು. ನಾನು ಲೋಕದಲ್ಲಿ ಮೊದಲು ತಿಳಿದ ಭಾರ ಅವನದು.

ಮೂಳೆಯಿಂದ ನಮ್ಮನ್ನು ಶಾಲೆಗೆ ಕಳಿಸಿದರು. ಎದೆಮೂಳೆಯ ಹಿಂದೆ ಒಂದು ಪುಟ್ಟ ಗ್ರಂಥಿ ಇದೆ, ಅದೇ ಶಾಲೆ. ಅಲ್ಲಿಯ ಪಾಠ ಒಂದೇ. ಮೈಯಲ್ಲಿರುವ ಪ್ರತಿಯೊಂದು ಕಣವೂ ತನ್ನ ಬಾಗಿಲಲ್ಲಿ ಒಂದು ಗುರುತು ಇಟ್ಟುಕೊಂಡಿರುತ್ತದೆ, ಮನೆ ಮುಂದೆ ರಂಗೋಲಿ ಹಾಕಿದ ಹಾಗೆ. ಆ ಗುರುತು ನೋಡಿ ಇವರು ನಮ್ಮವರೋ ಹೊರಗಿನವರೋ ಎಂದು ಹೇಳಬೇಕು. ನಮ್ಮವರ ಮೇಲೆ ಕೈ ಎತ್ತಿದವನಿಗೆ ಎಚ್ಚರಿಕೆ, ದಂಡ, ಇನ್ನೊಂದು ಸಲ ನೋಡೋಣ ಎಂಬುದೆಲ್ಲ ಇಲ್ಲ. ಅಲ್ಲೇ ಸಾವು. ನನ್ನ ಜೊತೆ ಸೇರಿದವರಲ್ಲಿ ಬಹುಪಾಲು ಜನ ಆ ಶಾಲೆಯಿಂದ ಹೊರಗೆ ಬರಲಿಲ್ಲ. ನಾನು ಬಂದೆ. ಆದರೆ ಒಂದು ಮಾತು ನೆನಪಿಡಿ, ನಾವು ಕಲಿತದ್ದು ಗಂಗಳ ಮನೆಯ ಗುರುತು. ಬೇರೆಯವರ ಮನೆಯ ಗುರುತನ್ನು ನಮಗೆ ಯಾರೂ ಕಲಿಸಲಿಲ್ಲ. ಕಲಿಸುವ ಅಗತ್ಯ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ನಮ್ಮಲ್ಲಿ ಕೆಲವರು ವಾರದೊಳಗೆ ಸಾಯುತ್ತಾರೆ, ಕೆಲವರು ವರ್ಷಗಟ್ಟಲೆ ಬದುಕುತ್ತಾರೆ. ನಾನು ಎರಡನೆಯ ಬಗೆ. ಗಂಗ ದೊಡ್ಡವಳಾದಳು, ಮದುವೆಯಾಗಿ ಅದೇ ಊರಿನ ಇನ್ನೊಂದು ಬೀದಿಗೆ ಹೋದಳು, ಅವ್ವ ತೀರಿಕೊಂಡ ಮೇಲೆ ಅವಳ ಜಾಗದಲ್ಲಿ ಮಂಡಿಯಲ್ಲಿ ಕೊಬ್ಬರಿ ಆರಿಸಲು ಕೂತಳು. ಅಷ್ಟು ಹೊತ್ತಿಗೆ ಅವಳು ಊರಿಗೆಲ್ಲ ಗಂಗಕ್ಕ. ರಾಶಿಯಲ್ಲಿ ಕೈಯಾಡಿಸಿ ಕೌಟು ಹಿಡಿದು ಕೆಟ್ಟ ಕೊಬ್ಬರಿ ಗಿಟುಕನ್ನು ಎತ್ತಿ ಆಚೆ ಎಸೆಯುವುದು ಅವಳ ಕೆಲಸ. ಒಂದು ಕೆಟ್ಟದ್ದು ಉಳಿದರೆ ಮೂಟೆಯೇ ಕೆಡುತ್ತದೆ. ನಾವು ಒಳಗೆ ಮಾಡುತ್ತಿದ್ದುದೂ ಅದನ್ನೇ. ಒಂದು ಮಧ್ಯಾಹ್ನ ಅವಳು ರಾಶಿಯ ಮುಂದೆ ಕೂತು ಪಕ್ಕದವಳ ಜೊತೆ ನಗುತ್ತಿದ್ದಾಗ, ಅವಳ ಎದೆಯ ಮೂಲೆಯಲ್ಲಿ ಒಂದು ಕಣ ಹಾದಿ ತಪ್ಪಿ, ಸುಮ್ಮಸುಮ್ಮನೆ ಎರಡಾಗಿ, ನಾಲ್ಕಾಗಿ ಬೆಳೆಯಲು ಶುರುಮಾಡಿತ್ತು. ನನ್ನ ಜೊತೆಗಾರನೊಬ್ಬ ಅದರ ಗುರುತು ಕೆಟ್ಟಿರುವುದನ್ನು ಕಂಡುಹಿಡಿದ. ನಾಲ್ಕಾರು ಜನ ಸೇರಿ ಅದನ್ನು ಮುಗಿಸಿದರು. ಗಂಗಕ್ಕ ನಗುವುದನ್ನು ನಿಲ್ಲಿಸಲೇ ಇಲ್ಲ. ಕ್ಯಾನ್ಸರ್ ಎಂಬುದು ಅವಳ ಎದೆಗೆ ಬಂದು, ಅವಳಿಗೆ ತಿಳಿಯದೆ ಹೋಯಿತು. ಹೀಗೆ ಎಷ್ಟು ಜನರಿಗೆ ಎಷ್ಟು ಸಲ ಆಗುತ್ತದೋ, ನಮಗೆ ಹಾರ ಹಾಕಿದವರನ್ನು ಮಾತ್ರ ನಾನು ಕಂಡಿಲ್ಲ.

ಆ ವರ್ಷಗಳಲ್ಲಿ ನನಗೆ ಇಷ್ಟವಾಗಿದ್ದ ದಿನ ನಾಗರ ಪಂಚಮಿ. ಗಂಗಕ್ಕ ಹುತ್ತಕ್ಕೆ ತನಿ ಎರೆದು, ಅಲ್ಲಿಂದ ಚಿಟಿಕೆ ಮಣ್ಣು ತಂದು, ಬಟ್ಟಲಿನಲ್ಲಿ ಹಾಲು ಹಿಡಿದು ತಮ್ಮನ ಮನೆಗೆ ಬರುತ್ತಿದ್ದಳು. ಕಲ್ಲೇಶ ಅಷ್ಟು ಹೊತ್ತಿಗೆ ಮಂಡಿಯಲ್ಲಿ ಹಮಾಲಿ. ಬೆನ್ನಿನ ಮೇಲೆ ಕೊಬ್ಬರಿ ಮೂಟೆ ಹೊತ್ತು ಲಾರಿಗೆ ತುಂಬುವುದು ಅವನ ಬದುಕು. ಅವನು ಅಂಗಿ ಬಿಚ್ಚಿ, ಮೂಟೆ ತಿಕ್ಕಿ ಒರಟಾದ ಆ ಬೆನ್ನನ್ನು ಅಕ್ಕನ ಕಡೆಗೆ ಮಾಡಿ ಕೂರುತ್ತಿದ್ದ. ಅವಳು ಹೂವನ್ನು ಹಾಲಿನಲ್ಲಿ ಅದ್ದಿ ಬೆನ್ನಿಗೆ ಸವರಿ ಹೇಳುತ್ತಿದ್ದಳು, "ಬೆನ್ನು ತಣ್ಣಗಿರ್ಲಿ, ಹೊಟ್ಟೆ ತಣ್ಣಗಿರ್ಲಿ, ತವರು ತಣ್ಣಗಿರ್ಲಿ." ಹಾಲು ತಾಗಿದ ಕೂಡಲೇ ಅವನು ಬೇಕೆಂದೇ ಮೈ ನಡುಗಿಸಿ "ಅಕ್ಕಯ್ಯಾ, ಹಾಲೋ ಐಸೋ!" ಎಂದು ಕೂಗುತ್ತಿದ್ದ. ಅವಳು ತಲೆಗೊಂದು ಮೊಟಕುತ್ತಿದ್ದಳು. ನಾನು ಎಷ್ಟೋ ಸಲ ಅವಳ ಬೆರಳ ತುದಿಯಲ್ಲಿದ್ದು ಆ ಬೆನ್ನಿನ ಬಿಸಿಯನ್ನು ತಿಳಿದಿದ್ದೇನೆ.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಕಲ್ಲೇಶನಿಗೆ ಮೂಟೆ ಭಾರ ಎನಿಸತೊಡಗಿತು. ಬೆನ್ನಿನ ಮೇಲೆ ನೀಲಿ ಕಲೆಗಳು ಕಂಡವು. ಮೂಟೆ ಒತ್ತಿದ್ದು ಎಂದು ಅವನು ಎಣ್ಣೆ ಹಚ್ಚಿಸಿಕೊಂಡ. ಹಲ್ಲುಜ್ಜಿದರೆ ವಸಡಿನಿಂದ ರಕ್ತ ನಿಲ್ಲಲಿಲ್ಲ. ಕೊನೆಗೆ ಲಾರಿಯ ಹಲಗೆ ಹತ್ತುವಾಗ ಕಣ್ಣಿಗೆ ಕತ್ತಲೆ ಕವಿದು ಮೂಟೆಯ ಸಮೇತ ಬಿದ್ದ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಹೆಂಡತಿ ಪಂಕಜಳನ್ನೂ ಗಂಗಕ್ಕನನ್ನೂ ಕೂರಿಸಿ ಹೇಳಿದರು, ಇದು ರಕ್ತದ ಕ್ಯಾನ್ಸರ್ ಎಂದು.

ಹೇಳಲು ನನಗೆ ನಾಚಿಕೆ, ಆ ಕಾಯಿಲೆ ನಮ್ಮ ಕುಲದವರದೇ. ಕಲ್ಲೇಶನ ಮೂಳೆಯೊಳಗೆ ಹುಟ್ಟಿದ ಬಿಳಿ ಕಣಗಳೇ ಬಲಿಯುವ ಮೊದಲೇ ಹಾದಿ ಬಿಟ್ಟಿದ್ದವು. ಕೆಲಸ ಕಲಿಯಲಿಲ್ಲ, ಕಾವಲು ಕಾಯಲಿಲ್ಲ, ಕೂತು ತಿಂದು ಸಂಸಾರ ಬೆಳೆಸಿದ್ದೇ ಬೆಳೆಸಿದ್ದು. ಕೆಂಪು ಕಣಗಳಿಗೆ ಜಾಗವಿಲ್ಲದೆ ಅವನು ಬಿಳುಚಿದ. ಅವನ ಸ್ವಂತ ಕಾವಲುಗಾರರು ಏನು ಮಾಡುತ್ತಿದ್ದರು ಎಂದು ಕೇಳುತ್ತೀರಿ. ಅವರಿಗೆ ಅವು ಮನೆಯ ಮಕ್ಕಳಂತೆಯೇ ಕಂಡವು, ಬಾಗಿಲಲ್ಲಿ ಮನೆಯ ಗುರುತೇ ಇತ್ತು. ಮನೆಯವರ ಕಣ್ಣಿಗೆ ಕಾಣದ ಕೊಳಕು ಹೊರಗಿನವರ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೇ ನಮ್ಮನ್ನು ಕರೆದರು.

ಮೊದಲು ಮದ್ದು ಏರಿಸಿದರು. ಕಲ್ಲೇಶನ ಕೂದಲು ಉದುರಿತು, ಬಾಯಿ ಹುಣ್ಣಾಯಿತು. ಆಮೇಲೆ ಗಂಗಕ್ಕನ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ, "ಅಕ್ಕ ತಮ್ಮ ಇಬ್ರದ್ದೂ ಪೂರ್ತಿ ಹೊಂದುತ್ತೆ. ನಿಮ್ಮ ಮೂಳೆಯ ಒಳಗಿರೋ ಬೀಜದ ಕಣಗಳನ್ನ, ಜೊತೆಗೆ ಬಿಳಿ ಕಣಗಳನ್ನ ಅವರಿಗೆ ಕೊಡಬಹುದು. ಅವು ಅವರ ಮೈಯಲ್ಲಿ ಹೊಸ ರಕ್ತ ಕಟ್ಟುತ್ತವೆ, ಉಳಿದಿರೋ ಕ್ಯಾನ್ಸರನ್ನೂ ಹುಡುಕಿ ಕೊಲ್ಲುತ್ತವೆ" ಎಂದರು.

"ಎಷ್ಟ್ ಬೇಕಾರೂ ತಗಳ್ಳಿ ಡಾಕ್ಟ್ರಮ್ಮ," ಎಂದಳು ಗಂಗಕ್ಕ. "ಅವನ್ನ ಸಾಕಿದ್ದೇ ಈ ಸೊಂಟದ್ ಮ್ಯಾಲೆ."

ಪೂರ್ತಿ ಹೊಂದುತ್ತದೆ ಎಂಬ ಮಾತು ನಿಜ. ಆದರೆ ಅಕ್ಕಪಕ್ಕದ ಎರಡು ಮನೆ ಒಂದೇ ಮೇಸ್ತ್ರಿ ಕಟ್ಟಿದರೂ ಒಳಗಿನ ಪಾತ್ರೆಪಡಗ ಒಂದೇ ಇರುವುದಿಲ್ಲ. ಆ ಸಣ್ಣ ವ್ಯತ್ಯಾಸದ ವಿಷಯ ಡಾಕ್ಟರಮ್ಮನಿಗೆ ಚೆನ್ನಾಗಿ ತಿಳಿದಿತ್ತು, ಅದಕ್ಕೇ ಅವರು ಮುಂದೆ ಮಾತ್ರೆ ಕೊಟ್ಟರು.

ಸೂಜಿಮದ್ದು ಕೊಟ್ಟು ಬೀಜದ ಕಣಗಳನ್ನು ಮೂಳೆಯಿಂದ ರಕ್ತಕ್ಕೆ ಹೊರಡಿಸಿದರು. ಗಂಗಕ್ಕನ ಒಂದು ತೋಳಿನಿಂದ ರಕ್ತ ಹೊರಟು ಯಂತ್ರಕ್ಕೆ ಹೋಗಿ ಇನ್ನೊಂದು ತೋಳಿಗೆ ವಾಪಸು ಬರುತ್ತಿತ್ತು. ಯಂತ್ರ ಅವುಗಳನ್ನೂ ನಮ್ಮನ್ನೂ ಮಾತ್ರ ಬೇರೆ ಮಾಡಿ ಚೀಲಕ್ಕೆ ತುಂಬಿಕೊಂಡಿತು. ನನ್ನ ಸರದಿ ಬಂದಾಗ ಅವಳ ಮೈಯನ್ನು ಬಿಟ್ಟು ಹೋಗುತ್ತಿದ್ದೇನೆ ಎಂದು ತಿಳಿಯಿತು. ಇಷ್ಟು ವರ್ಷ ಇದ್ದ ಮನೆ. ಚೀಲದೊಳಗಿಂದ ಅವಳ ದನಿ ಕೇಳಿಸಿತು. ನರ್ಸಿನ ಹತ್ತಿರ ಅವಳು, "ಇಷ್ಟೇನಾ? ಇನ್ನೊಂದ್ ಚೀಲ ತುಂಬಸ್ಕಳ್ಳಿ, ನಂಗೇನ್ ಆಗಲ್ಲ" ಎನ್ನುತ್ತಿದ್ದಳು.

ಕಲ್ಲೇಶನ ಮೈ ಪಾಳು ಬಿದ್ದಿತ್ತು. ಮದ್ದಿನ ಹೊಡೆತಕ್ಕೆ ಮೂಳೆಗಳ ಒಳಗೆಲ್ಲ ಖಾಲಿ ಖಾಲಿ. ಬೀಜದ ಕಣಗಳು ದಾರಿ ಹುಡುಕಿಕೊಂಡು ಹೋಗಿ ಮೂಳೆಗಳಲ್ಲಿ ನೆಲೆ ನಿಂತವು. ನಿಧಾನವಾಗಿ ಹೊಸ ರಕ್ತ ಕಟ್ಟತೊಡಗಿತು. ಅವನ ಕೆನ್ನೆಗೆ ಬಣ್ಣ ಬಂತು. ನಮ್ಮಂಥ ಕಾವಲಿನವರಿಗೆ ಮಾತ್ರ ಯಾವಾಗಲೂ ಮಂಪರು. ಪಂಕಜ ಹೊತ್ತು ಹೊತ್ತಿಗೆ ಕೊಡುತ್ತಿದ್ದ ಒಂದು ಮಾತ್ರೆ ನಮ್ಮನ್ನು ಹಿಡಿದಿಟ್ಟಿತ್ತು. ಮನೆಗೆ ಹೋಗಲು ಅಪ್ಪಣೆ ಕೊಡುವಾಗ ಡಾಕ್ಟರಮ್ಮ ಅವಳಿಗೆ, "ಈ ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದು. ಅಕ್ಕನ ಕಣಗಳು ಇವರ ಮೈಗೆ ಇನ್ನೂ ಹೊಸಬರು, ಇವರ ಮೈಯನ್ನೇ ವೈರಿ ಅಂದ್ಕೊಂಡುಬಿಡಬಹುದು. ಮೈ ಮೇಲೆ ಕೆಂಪಗೆ ಎದ್ದರೆ, ಭೇದಿ ಆದರೆ, ತಕ್ಷಣ ಕರ್ಕೊಂಡು ಬನ್ನಿ" ಎಂದು ಹೇಳಿದರು. ಬಿಸಿನೀರು ಕುಡಿಸಿ, ಹಸಿ ತರಕಾರಿ ಬೇಡ, ಜನ ಸೇರಿಸಬೇಡಿ ಎಂಬ ಹತ್ತಾರು ಮಾತುಗಳ ನಡುವೆ ಇದೂ ಒಂದು ಮಾತಾಗಿ ಹೋಯಿತು. ಗಂಗಕ್ಕ ಆಗ ಅಲ್ಲಿರಲಿಲ್ಲ. ತಮ್ಮನ ಮನೆಗೆ ಸುಣ್ಣ ಹೊಡೆಸಲು ತಿಪಟೂರಿಗೆ ಮೊದಲೇ ಹೋಗಿದ್ದಳು.

ಕಲ್ಲೇಶ ಮನೆಗೆ ಬಂದ ಆ ಕೆಲವು ವಾರ ಚೆನ್ನಾಗಿದ್ದವು. ಗಂಗಕ್ಕ ದಿನಾ ಬಂದು ಅವನಿಗೆ ಬೇಯಿಸಿ ಹಾಕುತ್ತಿದ್ದಳು.

"ಅಕ್ಕಯ್ಯಾ, ನಿನ್ ರಕ್ತ ಹಾಕುಸ್ಕಂಡ್ ಮ್ಯಾಕೆ ನಂಗೂ ಕಾಪಿಗೆ ಸಕ್ರೆ ಜಾಸ್ತಿ ಬೇಕಾಗೈತೆ ಕಣಕ್ಕ," ಎಂದು ಅವನು ಒಂದು ದಿನ ಹೇಳಿದ.

"ಬರೀ ಸಕ್ರೆ ಕಲ್ತ್ಯಾ? ನನ್ ಬಾಯೂ ಬಂದ್ರೆ ಪಂಕಜ ಮನೆ ಬಿಟ್ ಓಡ್ತಾಳೆ ನೋಡು," ಎಂದಳು ಅವಳು. ಪಂಕಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾವು, ಆ ಸಕ್ಕರೆ ಚಪಲದವಳ ಮನೆಯಿಂದ ಬಂದವರು, ಅವನ ಮೈಯಲ್ಲಿ ಹರಿಯುತ್ತಿದ್ದೆವು. ಇಲ್ಲೇ ಇದ್ದುಬಿಡಬಹುದು ಎಂದು ನನಗೆ ಅನಿಸಿತ್ತು.

ಆಷಾಢದ ಗಾಳಿ ಶುರುವಾದಾಗ ಬೀದಿಯ ಮಕ್ಕಳಿಗೆ ದಡಾರ ಬಂತು. ಅಲ್ಲಿಯ ಜನ ಅದನ್ನು ದಡಾರ ಎನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಒಗ್ಗರಣೆಯ ಸದ್ದು ಮಾಡುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಬಂದವಳು ದೇವರಾದ್ದರಿಂದ ಮದ್ದು ಕೊಟ್ಟು ಅವಳನ್ನು ಓಡಿಸಬಾರದು. ಮೈ ತಂಪು ಮಾಡಿ, ಕೈ ಮುಗಿದು, ಅವಳಾಗಿ ಹೊರಡುವವರೆಗೆ ಕಾಯಬೇಕು.

ಅದೇ ವಾರ ಕಲ್ಲೇಶನ ಅಂಗೈ, ಕಿವಿಯ ಹಿಂದೆ, ಬೆನ್ನಿನ ಮೇಲೆ ಕೆಂಪಗೆ ಎದ್ದಿತು.

ಅದು ದಡಾರವಲ್ಲ. ನಮ್ಮವರಲ್ಲಿ ಕೆಲವರು ಮಂಪರು ಹರಿದು ಎದ್ದಿದ್ದರು. ಕಲ್ಲೇಶನ ಚರ್ಮದ ಬಾಗಿಲಲ್ಲಿ ಕಂಡ ಗುರುತು ಅವರು ಕಲಿತ ಗಂಗಕ್ಕನ ಗುರುತಾಗಿರಲಿಲ್ಲ. ಹೊರಗಿನವರು ಎಂದುಕೊಂಡು ಕೈ ಎತ್ತಿದರು. ನಾನು ಆ ಗುಂಪಿನವನಲ್ಲ. ನಮಗೆ ಒಬ್ಬೊಬ್ಬರಿಗೆ ಒಂದೊಂದೇ ಗುರುತು ಹಿಡಿಯಲು ಬರುತ್ತದೆ, ಚರ್ಮದ ಗುರುತು ನನಗೆ ಕಾಣುವುದೇ ಇಲ್ಲ. ಆದರೆ ಅವರು ನನ್ನ ಜೊತೆ ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಚೀಲದಲ್ಲಿ ಬಂದವರು. ಆ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಿದ್ದರೆ ಇನ್ನೊಂದು ಮದ್ದು ಸೇರಿಸಿ ಅವರನ್ನು ಮತ್ತೆ ಮಲಗಿಸಬಹುದಿತ್ತು.

"ಪಂಕಜಾ, ಬಾ ಇಲ್ಲಿ," ಎಂದು ಗಂಗಕ್ಕ ತಮ್ಮನ ಬೆನ್ನು ನೋಡಿ ಕರೆದಳು. ಕರೆಯುತ್ತಲೇ ಕೆನ್ನೆಗೆ ಬಡಿದುಕೊಂಡು ಕೈ ಮುಗಿದಳು. "ಅಮ್ಮ ಬಂದವ್ಳೆ ಕಣೆ."

"ಅಕ್ಕಾ, ಕೆಂಪುಗ್ ಎದ್ರೆ ತಕ್ಷಣ ಬನ್ನಿ ಅಂತ ಡಾಕ್ಟ್ರಮ್ಮ ಅಂದಿದ್ರು."

"ಅವ್ರು ಬೆಂಗ್ಳೂರಲ್ ಕುಂತು ಅಂದ್ರು. ಇಲ್ಲಿ ಬೀದಿ ತುಂಬ ಅಮ್ಮ ಆಡ್ತಾವ್ಳೆ, ಕಾಣ್ಸಲ್ವಾ ನಿಂಗೆ? ಅಮ್ಮ ಮನೇಗ್ ಬಂದಾಗ ಆಸ್ಪತ್ರೆ ಮೆಟ್ಲು ಹತ್ತಬಾರ್ದು. ಅವ್ಳು ಮುನಿಸ್ಕಂಡ್ರೆ ಯಾರ್ ತಡೆಯೋರು?"

"ಮತ್ತೆ ಮಾತ್ರೆ?"

"ಅಮ್ಮ ಹೋಗೋಗಂಟ ಮುಟ್ಟಂಗಿಲ್ಲ. ಕ್ಯಾನ್ಸರ್ನಿಂದ ಉಳ್ಸ್ಕಂಡಿವಿ, ಅಮ್ಮನ್ ಕೋಪುಕ್ ಕೊಡಕಾಗ್ತದಾ? ನಾನ್ ನೋಡ್ಕಂತೀನಿ ಬಿಡು."

ಪಂಕಜ ಕಲ್ಲೇಶನ ಮುಖ ನೋಡಿದಳು. ಅವನು ಅಕ್ಕನ ಮುಖ ನೋಡಿದ. ಹುಟ್ಟಿದಾಗಿನಿಂದ ಅವನು ಅಕ್ಕ ಹೇಳಿದಂತೆ ನಡೆದವನು. "ಅಕ್ಕ ಹೇಳ್ದಂಗ್ ಆಗ್ಲಿ," ಎಂದ.

ಗಂಗಕ್ಕ ಬೇವಿನ ಸೊಪ್ಪು ಹಾಸಿ ಅವನನ್ನು ಮಲಗಿಸಿದಳು. ಅರಿಶಿನ, ಬೇವು ಅರೆದು ಬೆನ್ನಿಗೆ ಹಚ್ಚಿದಳು. ಉರಿ ಎಂದಾಗೆಲ್ಲ ಬೇವಿನ ಗೊಂಚಲಿನಿಂದ ಗಾಳಿ ಹಾಕಿದಳು. ಅವಳು ಮಂಡಿಗೆ ಹೋಗುವುದನ್ನೂ ಬಿಟ್ಟಳು. ಊಟವನ್ನೂ ಅಲ್ಲೇ, ಒಗ್ಗರಣೆಯಿಲ್ಲದ ಸಪ್ಪೆ ಸಾರಿನಲ್ಲಿ ಮುಗಿಸುತ್ತಿದ್ದಳು. ಅವಳ ಅಂಗೈ ಆ ಬೆನ್ನನ್ನು ಸವರುವಾಗ ಚರ್ಮದ ಆಚೆಗೆ ಅವಳು, ಈಚೆಗೆ ನಾವು. ಅವಳ ಕೈ ತಂಪು ಮಾಡುತ್ತಿತ್ತು, ಅವಳದೇ ಕಣಗಳು ಸುಡುತ್ತಿದ್ದವು. ಇದನ್ನು ಅವಳಿಗೆ ತಿಳಿಸುವ ಬಾಯಿ ನನಗಿದ್ದಿದ್ದರೆ! ಅಷ್ಟು ವರ್ಷ ಬಾಯಿಲ್ಲದೆ ಬದುಕಿದ್ದೆ, ಒಂದು ದಿನವೂ ಅದು ಬೇಕೆನಿಸಿರಲಿಲ್ಲ. ಆ ದಿನಗಳಲ್ಲಿ ಬೇಕೆನಿಸಿತು.

ಮಾತ್ರೆ ನಿಂತ ಮೇಲೆ ನಾವೆಲ್ಲ ಪೂರ್ತಿ ಎಚ್ಚರಾದೆವು. ನಾನೂ ಎದ್ದೆ. ಕಲ್ಲೇಶನ ಸೊಂಟದ ಮೂಳೆಯ ಮೂಲೆಯಲ್ಲಿ ಆ ಹಾದಿ ತಪ್ಪಿದ ಕಣಗಳು ಇನ್ನೂ ಕೆಲವು ಅಡಗಿ ಕೂತಿದ್ದವು, ಮದ್ದಿಗೂ ಸಿಗದೆ ತಪ್ಪಿಸಿಕೊಂಡವು. ಅವುಗಳ ಗುರುತು ನನಗೆ ಹಗಲಿನಷ್ಟು ಚೆನ್ನಾಗಿ ಕಂಡಿತು. ನಾನು ಒಂದನ್ನು ಹಿಡಿದು ಅಂಟಿಕೊಂಡೆ, ಅದರ ಗೋಡೆ ತೂತು ಮಾಡಿದೆ, ಅದು ಸತ್ತಿತು. ಇನ್ನೊಂದನ್ನು ಹಿಡಿದೆ. ನನ್ನಂಥವರು ಹತ್ತಾಗಿ, ನೂರಾಗಿ ಹೆಚ್ಚಿದರು. ಮೂಲೆ ಮೂಲೆ ಹುಡುಕಿ ಒಂದೂ ಬಿಡದೆ ಕೊಂದೆವು. ನಾನು ಯಾವ ಕೆಲಸಕ್ಕೆ ಹುಟ್ಟಿದ್ದೆನೋ ಅದನ್ನು ಅಷ್ಟು ಚೆನ್ನಾಗಿ ಮಾಡಿದ್ದು ಅದೇ ಮೊದಲು. ಹೊರಗೆ ಬಂದು ನೋಡಿದರೆ ಅವನ ಬೆನ್ನಿನ ಚರ್ಮ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಏಳುತ್ತಿತ್ತು. ಕರುಳಿನಲ್ಲೂ ಬೆಂಕಿ ಬಿದ್ದಿತ್ತು. ನಮ್ಮ ಗೆಲುವನ್ನು ಯಾರಿಗೆ ಹೇಳಿಕೊಳ್ಳುವುದು?

ರಕ್ತಭೇದಿ ಶುರುವಾದಾಗ ಪಂಕಜ ಯಾರನ್ನೂ ಕೇಳಲಿಲ್ಲ. ಆಂಬುಲೆನ್ಸ್ ಕರೆಸಿ, ಬೇವಿನ ಎಲೆ ಮೈಗಂಟಿದ್ದಂತೆಯೇ ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋದಳು. ಗಂಗಕ್ಕ ಹಿಂದೆಯೇ ಬಸ್ಸು ಹಿಡಿದು ಬಂದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಗಂಗಕ್ಕನಿಗೆ ಸುಲಭವಾಗುತ್ತಿತ್ತೋ ಏನೋ. ಕಲ್ಲೇಶನ ಹಾಸಿಗೆಯ ಪಕ್ಕದಲ್ಲೇ ನಿಂತು ಅವರು ಮೆಲ್ಲಗೆ, "ಇದು ಅಮ್ಮ ಅಲ್ಲಮ್ಮ. ನೀವು ಕೊಟ್ಟ ಕಣಗಳು ಇವರ ಚರ್ಮದ ಮೇಲೆ, ಕರುಳಿನ ಮೇಲೆ ತಿರುಗಿಬಿದ್ದಿವೆ" ಎಂದರು.

ಗಂಗಕ್ಕ ತಮ್ಮನ ಕಡೆಗೆ ಬೆರಳು ಮಾಡಿ ಕೇಳಿದಳು, "ಅಂದ್ರೆ... ನನ್ ರಕ್ತವೇ ಅವನ್ನ ಸುಡ್ತಾ ಐತಾ?"

"ನಿಮ್ಮ ರಕ್ತವೇ ಅವರ ಕ್ಯಾನ್ಸರನ್ನೂ ತೆಗೆದಿದೆ. ಎರಡೂ ನಿಜ. ನೀವು ತಪ್ಪು ಮಾಡಬೇಕು ಅಂತ ಮಾಡಿದ್ದಲ್ಲ. ಬೇಗ ಬಂದಿದ್ರೆ ಹೀಗೆ ಆಗ್ತಿರ್ಲಿಲ್ಲ ಅಂತ ನಾನು ಹೇಳೋಕಾಗಲ್ಲ."

ಕೊನೆಯ ಮಾತು ಸತ್ಯವೋ ಕರುಣೆಯೋ ನನಗೆ ತಿಳಿಯದು. ಗಂಗಕ್ಕ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳು ತನ್ನ ಎರಡು ಕೈಗಳನ್ನೂ ನೋಡಿಕೊಂಡಳು, ಸೆರಗಿನೊಳಗೆ ಮುಚ್ಚಿಕೊಂಡಳು, ಹೊರಗೆ ಹೋದಳು. ಅಂದಿನಿಂದ ಅವಳು ಒಳಗೆ ಬರಲಿಲ್ಲ. ಓಣಿಯ ಬೆಂಚಿನ ಮೇಲೆ ಕೂತಿರುತ್ತಾಳೆ, ಕರೆದರೆ "ನಾನ್ ಮುಟ್ಟಿದ್ರೆ ಇನ್ನೂ ಉರೀತದೆ" ಎನ್ನುತ್ತಾಳೆ ಎಂದು ಪಂಕಜ ಗಂಡನಿಗೆ ಹೇಳಿದಳು. ಕಲ್ಲೇಶ ಸೀಲಿಂಗಿನ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಡಾಕ್ಟರಮ್ಮ ಒಂದಾದ ಮೇಲೊಂದು ಮದ್ದು ಬದಲಿಸಿದರು. ನಮ್ಮವರಲ್ಲಿ ಎಷ್ಟೋ ಜನ ಸತ್ತರು. ಆದರೆ ಹತ್ತಿಕೊಂಡಿದ್ದ ಬೆಂಕಿ ಆರಲಿಲ್ಲ, ಸುಟ್ಟ ಚರ್ಮದ ಮೂಲಕ ಹೊರಗಿನ ಸೋಂಕು ಒಳಗೆ ಬರತೊಡಗಿತು. ಅದನ್ನು ತಡೆಯಬೇಕಾದ ನಾವೇ ಮದ್ದಿನಲ್ಲಿ ಮಲಗಿದ್ದೆವು.

ಶ್ರಾವಣ ಬಂತು. ಒಂದು ಬೆಳಿಗ್ಗೆ ಕಲ್ಲೇಶ ಕಣ್ಣು ಬಿಟ್ಟು, "ಪಂಕಜಾ, ಇವತ್ ಪಂಚ್ಮಿ ಅಲ್ವಾ?" ಎಂದು ಕೇಳಿದ.

"ಊಂ."

"ಅಕ್ಕನ್ ಕರಿ."

"ಅಕ್ಕ ಬರಲ್ಲ ಅಂತಾರೆ."

"ಬೆನ್ನು ಕಾಯ್ತಾ ಐತೆ ಅನ್ನು. ಬರ್ತಾಳೆ."

ಬಂದಳು. ಬಾಯಿಗೆ ಮಾಸ್ಕು, ಮೈಗೆ ನೀಲಿ ನಿಲುವಂಗಿ, ತಲೆಗೆ ಟೋಪಿ. ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಬಾಗಿಲಲ್ಲೇ ನಿಂತು, "ಬ್ಯಾಡ ಕಲ್ಲೇಶ. ಈ ಕೈ ಸರಿ ಇಲ್ಲ ಕಣಪ್ಪ," ಎಂದಳು.

"ಒಂದ್ ವರ್ಷಾನೂ ತಪ್ಸಿಲ್ಲ ನೀನು. ಈ ವರ್ಷ ತಪ್ಸಿದ್ರೆ ನಂಗ್ ಯಾರೂ ಇಲ್ಲ ಅಂದಂಗ್ ಆಗ್ತದೆ. ಬಾರಕ್ಕ."

ಹಾಲು, ಹೂವು, ಹುತ್ತದ ಮಣ್ಣು ಯಾವುದನ್ನೂ ಆ ಕೋಣೆಗೆ ತರುವಂತಿರಲಿಲ್ಲ. ನರ್ಸ್ ಒಂದು ಸ್ಟೀಲಿನ ಬಟ್ಟಲಿಗೆ ಸೋಂಕಿಲ್ಲದ ನೀರು ಹಾಕಿ, ಒಂದು ತುಂಡು ಹತ್ತಿ ಕೊಟ್ಟರು. ಅವರೂ ಪಂಕಜಳೂ ಸೇರಿ ಕಲ್ಲೇಶನನ್ನು ಮಗ್ಗುಲಿಗೆ ತಿರುಗಿಸಿದರು. ಬೆನ್ನಿನ ಬಹುಭಾಗ ಬ್ಯಾಂಡೇಜು. ಹೆಗಲುಗಳ ನಡುವೆ ಅಂಗೈಯಗಲ ಜಾಗ ತೆರೆದಿತ್ತು, ಮೊದಲು ಮೂಟೆಯ ಭಾರ ಬೀಳುತ್ತಿದ್ದ ಜಾಗ. ನಾನು ಆಗ ಅಲ್ಲೇ, ಆ ಚರ್ಮದ ಕೆಳಗೆ ಇದ್ದೆ.

ಗಂಗಕ್ಕ ಹತ್ತಿರ ಬಂದಳು. ಹತ್ತಿಯನ್ನು ನೀರಿನಲ್ಲಿ ಅದ್ದಿ ಆ ಜಾಗಕ್ಕೆ ತಾಗಿಸಿದಳು. "ಬೆನ್ನು ತಣ್ಣಗಿರ್ಲಿ," ಎಂದಳು. ಇನ್ನೊಮ್ಮೆ ಅದ್ದಿದಳು. "ಹೊಟ್ಟೆ ತಣ್ಣಗಿರ್ಲಿ." ತವರಿನ ಮಾತು ಬಾಯಿಂದ ಹೊರಡದೆ ಅವಳು ಅಲ್ಲೇ ನಿಂತುಬಿಟ್ಟಳು.

"ಅಕ್ಕಯ್ಯಾ, ನೀರೋ ಐಸೋ!" ಎಂದ ಕಲ್ಲೇಶ. ಕೂಗಲು ಶಕ್ತಿಯಿರಲಿಲ್ಲ, ಪಿಸುಗುಟ್ಟಿದಂತೆ ಕೇಳಿಸಿತು. ಹೆಗಲನ್ನು ಸ್ವಲ್ಪ ನಡುಗಿಸಿ ತೋರಿಸಿದ. "ಉರಿಯೆಲ್ಲ ಹೋಯ್ತು ಕಣಕ್ಕ. ತಣ್ಣಗಾಯ್ತು."

ಅದು ಸುಳ್ಳು. ಆ ಚರ್ಮದಲ್ಲಿ ತಂಪು ತಿಳಿಯುವ ನರ ಒಂದೂ ಉಳಿದಿರಲಿಲ್ಲ. ಹತ್ತಿ ತಾಗಿದ್ದು ಅವನಿಗೆ ಗೊತ್ತೇ ಆಗಲಿಲ್ಲ, ಅವಳ ಮಾತು ಕೇಳಿ ಅಂದಾಜಿನ ಮೇಲೆ ಹೇಳಿದ. ಅದು ನನಗೆ ಗೊತ್ತು, ಅವನಿಗೆ ಗೊತ್ತು. ಗಂಗಕ್ಕನಿಗೆ ಮಾತ್ರ ಗೊತ್ತಾಗಲಿಲ್ಲ. ಅವಳು ಎಷ್ಟೋ ದಿನದ ಮೇಲೆ ತಮ್ಮನ ತಲೆಯ ಮೇಲೆ ಕೈ ಇಟ್ಟಳು, ಕೂದಲು ಉದುರಿ ನುಣ್ಣಗಾಗಿದ್ದ ತಲೆ. ಮೊಟಕಲಿಲ್ಲ. ಅವನು ನಿದ್ದೆ ಹೋಗುವವರೆಗೆ ಅಲ್ಲೇ ಕೂತಿದ್ದಳು.

ಅದೇ ಮಧ್ಯಾಹ್ನ ಪರೀಕ್ಷೆಗೆಂದು ಅವನ ರಕ್ತ ತೆಗೆದರು. ಸೂಜಿಯ ಸೆಳೆತಕ್ಕೆ ಸಿಕ್ಕ ಕೆಲವರಲ್ಲಿ ನಾನೂ ಒಬ್ಬ. ಈಗ ನಾನು ನೇರಳೆ ಮುಚ್ಚಳದ ಒಂದು ಗಾಜಿನ ಕೊಳವೆಯಲ್ಲಿದ್ದೇನೆ.

ಲ್ಯಾಬಿನಲ್ಲಿ ಹೊಸದಾಗಿ ಸೇರಿದ ಹೆಂಗಸೊಬ್ಬಳು ನಮ್ಮನ್ನು ಪರೀಕ್ಷಿಸಿ, "ಸರ್, ಹೆಸರು ಗಂಡಸರದು, ರಕ್ತ ನೋಡಿದರೆ ಹೆಂಗಸಿನದು. ಕೊಳವೆ ಬದಲಾಗಿದೆಯಾ?" ಎಂದು ಕೇಳಿದಳು.

"ಇಲ್ಲ, ಅಕ್ಕ ಕೊಟ್ಟಿರೋದು," ಎಂದರು ಹಿರಿಯರು. "ಈಗ ಪೂರ್ತಿ ಅಕ್ಕಂದೇ. ಕ್ಯಾನ್ಸರ್ ಕಣ ಏನಾದ್ರೂ ಕಾಣ್ತಾ?"

"ಒಂದೂ ಇಲ್ಲ ಸರ್."

ಆ ಮಾತಿಗಾಗಿ ನಾನು ಹುಟ್ಟಿದ್ದು. ನನ್ನಂಥವನೊಬ್ಬನಿಗೆ ಅದಕ್ಕಿಂತ ದೊಡ್ಡ ಮಾತು ಇಲ್ಲ. ಅವರು ನಮ್ಮನ್ನು ಕೊಳವೆಗಳ ಸಾಲಿನಲ್ಲಿ ಸಿಕ್ಕಿಸಿ ಫ್ರಿಜ್ಜಿನಲ್ಲಿ ಇಟ್ಟರು. ಮರುದಿನ ಬಾಗಿಲು ತೆರೆದಾಗ ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು. ಆ ತಿಪಟೂರಿನ ಪೇಷಂಟು ಬೆಳಿಗ್ಗೆ ತೀರಿಹೋದರಂತೆ, ಇನ್ನು ಅವರ ಸ್ಯಾಂಪಲ್ ನೋಡುವುದು ಬೇಡ ಎಂದರು. ಬಾಗಿಲು ಮುಚ್ಚಿತು.

ಇಲ್ಲಿ ನನ್ನ ಜೊತೆಯವರು ಒಬ್ಬೊಬ್ಬರಾಗಿ ಸುಮ್ಮನಾಗುತ್ತಿದ್ದಾರೆ. ಚರ್ಮ ಸುಟ್ಟವರೂ ಇದ್ದಾರೆ, ಕ್ಯಾನ್ಸರ್ ಕೊಂದವರೂ ಇದ್ದಾರೆ, ಈಗ ನಮ್ಮಲ್ಲಿ ಜಗಳವಿಲ್ಲ. ಎಲ್ಲರೂ ಒಂದೇ ಸೊಂಟದಲ್ಲಿ ಹುಟ್ಟಿದವರು. ಆ ಸೊಂಟದ ಮೇಲೆ ಕೂತು ಕೇಕೆ ಹಾಕುತ್ತಿದ್ದವನನ್ನು ಉಳಿಸಲು ಹೊರಟು ಬಂದವರು. ಗಂಗಕ್ಕ ಇಷ್ಟು ಹೊತ್ತಿಗೆ ಅವನ ಜೊತೆ ತಿಪಟೂರಿನ ದಾರಿಯಲ್ಲಿರುತ್ತಾಳೆ. ಅವನು ತಣ್ಣಗಾಯ್ತು ಎಂದದ್ದನ್ನು ಅವಳು ನಂಬಿರಲಿ, ಸಾಯುವವರೆಗೂ ನಂಬಿರಲಿ.

ಇಲ್ಲಿ ತುಂಬಾ ತಣ್ಣಗಿದೆ ಗಂಗಕ್ಕ. ಅವನ ಬೆನ್ನಿಗೆಂದು ನೀನು ಬೇಡಿದ ತಂಪು ನಮಗೆ ಸಿಕ್ಕಿದೆ. ನಮಗೆ ಅದು ಬೇಕಾಗಿರಲಿಲ್ಲ.